ರಾಯರ ಕಾಲಕ್ಕೊಂದು ಟಿಕೆಟ್

ಹೊಸಪೇಟೆಯಲ್ಲಿ ಬೆಳೆದ ನಮಗೆ ಹಂಪಿಯನ್ನು ಯಾರೂ ತೋರಿಸಿಕೊಡಬೇಕಾಗಿರಲಿಲ್ಲ. ಜಾತ್ರೆಗೆ ವಿರೂಪಾಕ್ಷನ ದರ್ಶನ, ಹಬ್ಬ ಹುಣ್ಣಿಮೆಗೆ ಹೊಳೆಯಲ್ಲಿ ಸ್ನಾನ, ಬುತ್ತಿ ಕಟ್ಟಿಕೊಂಡು ಹೋಗಿ ಯಾವುದೋ ಮಂಟಪದ ನೆರಳಲ್ಲಿ ಮೊಸರನ್ನ, ಉಂಡು ಕೈ ತೊಳೆದ ಮೇಲೆ ಅದೇ ಕಂಬಗಳ ಸುತ್ತ ಮುಟ್ಟಾಟ. ಕುರಿ ಕಾಯುವವರು ಮಧ್ಯಾಹ್ನ ಟವೆಲ್ಲು ಹಾಸಿಕೊಂಡು ಮಲಗುತ್ತಿದ್ದ ಕಟ್ಟೆ ಯಾವ ಅರಮನೆಯದೆಂದು ನಾವು ಕೇಳಿದವರಲ್ಲ. ಬಾಳೆತೋಟ, ಕಬ್ಬಿನ ಗದ್ದೆ, ಕಾಲುವೆ, ಬಂಡೆಗುಡ್ಡ, ಹಾಳು ಗೋಡೆ, ಎಲ್ಲವೂ ಒಂದೇ ಸಾಲಿನಲ್ಲಿ ಕಣ್ಣಿಗೆ ಬೀಳುತ್ತಿದ್ದವು. ಶಾಲೆಯ ಪಾಠದಲ್ಲಿ ಕೃಷ್ಣದೇವರಾಯ ಇದ್ದ. ಅವನು ಆಳಿದ್ದು 1509ರಿಂದ 1529ರವರೆಗೆ ಎಂದು ಬಾಯಿಪಾಠ ಒಪ್ಪಿಸುತ್ತಿದ್ದೆವು. ಆ ರಾಯನಿಗೂ ನಾವು ಬೆನ್ನು ಒರಗಿಸಿ ಕೂರುತ್ತಿದ್ದ ಕಲ್ಲಿಗೂ ಸಂಬಂಧವಿದೆ ಎಂಬುದು ಪರೀಕ್ಷೆಯಲ್ಲಿ ಬರೆಯುವ ಉತ್ತರವಾಗಿತ್ತೇ ಹೊರತು ಮೈಗೆ ತಾಗಿದ ವಿಷಯವಾಗಿರಲಿಲ್ಲ.

ಅದನ್ನು ಮೈಗೆ ತಾಗಿಸಿದ್ದು ಒಂದು ತೆಲುಗು ಸಿನಿಮಾ. ‘ಆದಿತ್ಯ 369’. 1991ರ ಜುಲೈನಲ್ಲಿ ಬಿಡುಗಡೆಯಾದ ಚಿತ್ರ. ನಮ್ಮೂರಿನ ಟಾಕೀಸಿಗೆ ಅದು ಬಂದಾಗ ನಾನಿನ್ನೂ ಹೈಸ್ಕೂಲಿನಲ್ಲಿದ್ದೆ.

ಆಗಿನ ಬಳ್ಳಾರಿ ಜಿಲ್ಲೆಯಲ್ಲಿ ತೆಲುಗು ಯಾರಿಗೂ ಹೊರಗಿನ ಭಾಷೆಯಲ್ಲ. ಮನೆಯಲ್ಲಿ ಕನ್ನಡ, ಪಕ್ಕದ ಮನೆಯ ಅತ್ತೆಯ ಜೊತೆ ತೆಲುಗು, ಸಂತೆಯಲ್ಲಿ ಎರಡೂ ಕಲೆಸಿದ ಮಾತು. ಕನ್ನಡಕ್ಕೆ ಡಬ್ಬಿಂಗ್ ಆಗ ನಿಂತೇಹೋಗಿದ್ದ ಕಾಲ, ಹಾಗಾಗಿ ಆಂಧ್ರದ ಚಿತ್ರಗಳು ತಮ್ಮದೇ ಭಾಷೆಯಲ್ಲಿ ನೇರ ನಮ್ಮ ಟಾಕೀಸುಗಳಿಗೆ ಬರುತ್ತಿದ್ದವು. ರಾಜಕುಮಾರ್ ಚಿತ್ರ ಒಂದು ಟಾಕೀಸಿನಲ್ಲಿ, ಚಿರಂಜೀವಿಯದು ಇನ್ನೊಂದರಲ್ಲಿ. ಎರಡನ್ನೂ ನೋಡುವವರು ನಾವೇ. ಮೈಕು ಕಟ್ಟಿದ ಟಾಂಗಾ ಬಜಾರದ ಉದ್ದಕ್ಕೂ ಕೂಗಿಕೊಂಡು ಹೋಗುತ್ತಿತ್ತು. ಅದರ ಹಿಂದೆ ಹಳದಿ, ಗುಲಾಬಿ ಬಣ್ಣದ ಹ್ಯಾಂಡ್‌ಬಿಲ್ಲುಗಳಿಗಾಗಿ ಓಡುವ ಹುಡುಗರ ಹಿಂಡು. ಈ ಸಲ ಬಂದ ಕಾಗದದಲ್ಲಿ ಬಾಲಕೃಷ್ಣ ಎರಡು ವೇಷದಲ್ಲಿದ್ದ. ಒಂದರಲ್ಲಿ ಪ್ಯಾಂಟು, ಶರ್ಟು. ಇನ್ನೊಂದರಲ್ಲಿ ಕಿರೀಟ.

“ಬಾಲಯ್ಯನ ಪಿಚ್ಚರ್ ಅಂತ ಹೋಗೋದಲ್ಲಲೇ, ರಾಯರು ಬರ್ತಾರಂತ ಅದ್ರಾಗ,” ಅಂದ ನನ್ನ ಸೋದರಮಾವ. ನಮ್ಮ ಮನೆಯಲ್ಲಿ ಸಿನಿಮಾಕ್ಕೆ ಅಪ್ಪಣೆ ಕೊಡಿಸುವ ಅಧಿಕಾರ ಇದ್ದದ್ದು ಅವನೊಬ್ಬನಿಗೆ. ನಾನು, ನನ್ನ ಅಕ್ಕ, ಓಣಿಯ ಇಬ್ಬರು ಹುಡುಗರು. ಅವರಲ್ಲೊಬ್ಬ ಇವತ್ತಿಗೂ ನನ್ನ ಜೀವದ ಗೆಳೆಯ. ಎಲ್ಲರೂ ಮಾವನ ಬೆನ್ನು ಹತ್ತಿ ಭಾನುವಾರದ ಮ್ಯಾಟ್ನಿಗೆ ಹೊರಟೆವು.

ಆ ಟಾಕೀಸು ಹೇಗಿತ್ತೆಂಬುದನ್ನು ಬರೆಯದೆ ಮುಂದೆ ಹೋಗಲಾರೆ. ಟಿಕೆಟ್ ಕೊಡುವ ಕಿಂಡಿಗೆ ಹೋಗಲು ಒಬ್ಬರೇ ನುಸುಳುವಷ್ಟು ಸಣ್ಣ ಓಣಿ, ಎರಡೂ ಕಡೆ ಗೋಡೆ, ಮೇಲೆ ಕಬ್ಬಿಣದ ಜಾಳಿಗೆ. ಅದರೊಳಗೆ ಸಿಕ್ಕಿದವರ ಬೆವರು, ಬೀಡಿ ಹೊಗೆ, ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆ, ಎಲ್ಲ ಸೇರಿ ಒಂದೇ ವಾಸನೆ. ಕಿಂಡಿಯೊಳಗೆ ತುರುಕಿದ ಮುಷ್ಟಿ ಹೊರಗೆ ಬರುವಾಗ ಮೊಣಕೈ ತರಚಿರುತ್ತಿತ್ತು, ಮುಷ್ಟಿಯೊಳಗೆ ತೆಳ್ಳನೆಯ ಟಿಕೆಟು ಮುದ್ದೆಯಾಗಿರುತ್ತಿತ್ತು. ಹೆಂಗಸರಿಗೆ ಬೇರೆ ಕಿಂಡಿ. ಅಕ್ಕ ಅಲ್ಲಿ ನಿಂತು ನಮ್ಮೆಲ್ಲರಿಗೂ ಟಿಕೆಟ್ ತಂದಳು. ಹೊರಗೆ ತಳ್ಳುಗಾಡಿಯ ಮೇಲೆ ಬಾಣಲೆಯಲ್ಲಿ ಮಿರ್ಚಿ ಬೇಯುತ್ತಿತ್ತು, ಪಕ್ಕದಲ್ಲಿ ಒಗ್ಗರಣೆ ಹಾಕಿದ ಮಂಡಕ್ಕಿಯ ಗುಡ್ಡೆ. ಪೇಪರಿನಲ್ಲಿ ಸುತ್ತಿದ ಆ ಮಂಡಕ್ಕಿ ಮಿರ್ಚಿಯ ಎಣ್ಣೆ ನನ್ನ ಅಂಗಿಯ ಜೇಬಿಗೆ ಇಳಿದು ಒಂದು ಗುಂಡನೆಯ ಕಲೆ ಮಾಡಿತು. ಒಳಗೆ ಮುಂದಿನ ಸಾಲುಗಳಲ್ಲಿ ಬೆನ್ನಿಲ್ಲದ ಬೆಂಚುಗಳು. ಗೋಡೆಯ ಫ್ಯಾನುಗಳು ತಿರುಗುವುದಕ್ಕಿಂತ ಹೆಚ್ಚು ಸದ್ದು ಮಾಡುತ್ತಿದ್ದವು. ಬಾಗಿಲ ಪರದೆಯ ತೂತಿನಿಂದ ಬಿಸಿಲು ಕೋಲಿನ ಹಾಗೆ ಒಳಗೆ ಚಾಚಿ, ಅದರಲ್ಲಿ ಧೂಳು ಕುಣಿಯುತ್ತಿತ್ತು. ಬೆಲ್ಲು ಹೊಡೆದು ಬಾಗಿಲು ಹಾಕಿದಾಗ ಎದ್ದ ಶಿಳ್ಳೆಗೆ ಮೇಲಿನ ತಗಡು ಗುಂಯ್ ಅಂದಿತು.

ಕಥೆಯ ಮೊದಲ ಭಾಗವನ್ನು ಬೇಗ ಹೇಳಿಬಿಡಬಹುದು. ಟಿನ್ನು ಆನಂದ್ ಒಬ್ಬ ವಿಜ್ಞಾನಿ. ತನ್ನ ಮನೆಯಲ್ಲೇ ಕಾಲಯಂತ್ರವೊಂದನ್ನು ಕಟ್ಟುತ್ತಿದ್ದಾನೆ. ಅವನ ಮಗಳು ಹೇಮಾ, ಪಾತ್ರ ಮಾಡಿದ್ದು ಮೋಹಿನಿ. ಬಾಲಕೃಷ್ಣ ಅವಳನ್ನು ಮೆಚ್ಚಿದ ಕೃಷ್ಣಕುಮಾರ. ಹಳೆಯ ಬೆಲೆಬಾಳುವ ವಸ್ತುಗಳನ್ನು ಕದ್ದು ತನ್ನ ಗುಹೆಯಂಥ ಮನೆಯಲ್ಲಿ ಇಟ್ಟುಕೊಳ್ಳುವ ಹುಚ್ಚಿನ ಖಳ ರಾಜಾವರ್ಮನಾಗಿ ಅಮರೀಶ್ ಪುರಿ. ಅವನ ಕಣ್ಣು ಬಿದ್ದಿರುವುದು ವಸ್ತುಸಂಗ್ರಹಾಲಯದಲ್ಲಿರುವ ಕೃಷ್ಣದೇವರಾಯನ ಕಾಲದ ಒಂದು ವಜ್ರದ ಮೇಲೆ. ಆ ಕಳವನ್ನು ಕಣ್ಣಾರೆ ಕಂಡುಬಿಡುವ ಒಬ್ಬ ಶಾಲೆಯ ಹುಡುಗ. ಆ ಹುಡುಗನಾಗಿದ್ದವನು ತರುಣ್. ನಮ್ಮ ಬೆಂಚಿನ ಮೇಲಿದ್ದ ಹುಡುಗರೆಲ್ಲರ ಜೀವ ಅವನೊಬ್ಬನಲ್ಲೇ ಇತ್ತು. ದೊಡ್ಡವರ ಸಿನಿಮಾದಲ್ಲಿ ನಮ್ಮ ವಯಸ್ಸಿನವನೊಬ್ಬ ಅಳುವುದಕ್ಕಷ್ಟೇ ಬರದೆ, ಕಥೆಯನ್ನೇ ಮುಂದಕ್ಕೆ ನೂಕುವವನಾಗಿ ಬಂದಿದ್ದ.

ಆಮೇಲೆ ಯಂತ್ರ. ಅದರೊಳಗೆ ಮಿಣುಕುವ ದೀಪಗಳು, ಗುಂಡಿಗಳು. ಅಲ್ಲಿಯವರೆಗೆ ನಾವು ಕಂಡಿದ್ದ ಅತಿ ದೊಡ್ಡ ಯಂತ್ರವೆಂದರೆ ತುಂಗಭದ್ರಾ ಅಣೆಕಟ್ಟಿನ ಕೆಳಗಿನ ವಿದ್ಯುದಾಗಾರದ್ದು. ಶಾಲೆಯಿಂದ ಸಾಲಾಗಿ ಕರೆದುಕೊಂಡು ಹೋಗಿ ದೂರದಿಂದ ತೋರಿಸಿದ್ದರು. ತೆರೆಯ ಮೇಲಿನ ಯಂತ್ರದ ಮುಂದೆ ಅದು ಸಪ್ಪೆಯಾಯಿತು. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ದೀಪಗಳಲ್ಲ. ಇಸವಿ. ಕೃಷ್ಣಕುಮಾರನೂ ಹೇಮಾಳೂ ಯಂತ್ರದೊಳಗೆ ಸಿಕ್ಕಿಕೊಂಡು ಅದು ಹೊರಟು, ಎಲ್ಲಿಯೋ ಇಳಿದಾಗ ಆ ಕಾಲ 1526 ಎಂದು ತಿಳಿಯುತ್ತದೆ. ಆ ಇಸವಿಯ ಜಾಗ ವಿಜಯನಗರ.

ಟಾಕೀಸಿನಲ್ಲಿ ಆ ಗಳಿಗೆ ಆದದ್ದನ್ನು ನಾನು ಬೇರೆ ಯಾವ ಸಿನಿಮಾದಲ್ಲೂ ಕಂಡಿಲ್ಲ. ಮೊದಲು ಯಾರೂ ಕೂಗಲಿಲ್ಲ. ಹಿಂದಿನ ಸಾಲಿನ ಹಿರಿಯರೊಬ್ಬರು ಪಕ್ಕದವರಿಗೆ ಹೇಳಿದ್ದು ಸ್ಪಷ್ಟವಾಗಿ ಕೇಳಿಸಿತು: “ನಮ್ಮ ಹಂಪಿಗೇ ಬಂದ್ರಲ್ಲಪಾ!” ಅದಾದ ಮೇಲೆ ಎದ್ದ ಗದ್ದಲಕ್ಕೆ ಮುಂದಿನ ಎಷ್ಟೋ ಮಾತು ಕೇಳಿಸಲೇ ಇಲ್ಲ. ಚಿಲ್ಲರೆ ಕಾಸು ತೆರೆಯ ಕಡೆ ಹಾರಿದವು. ಜಗತ್ತಿನ ಯಾವ ಮೂಲೆಗೆ ಬೇಕಾದರೂ, ಯಾವ ಕಾಲಕ್ಕೆ ಬೇಕಾದರೂ ಹೋಗಬಹುದಾದ ಯಂತ್ರ, ಟಾಕೀಸಿನ ಬಾಗಿಲಿನಿಂದ ಹದಿಮೂರು ಕಿಲೋಮೀಟರು ದೂರದ ನಮ್ಮ ಜಾಗವನ್ನು ಹುಡುಕಿಕೊಂಡು ಬಂದಿತ್ತು. ಟೌನ್ ಬಸ್ಸು ಹೋಗುವ ಜಾಗ!

ಅಲ್ಲಿಂದ ಮುಂದೆ ತೆರೆ ತುಂಬ ಬಣ್ಣ. ಕೆಂಪು ಕುಚ್ಚಿನ ಛತ್ರಿಗಳು, ಜರಿಯ ಪರದೆಗಳು, ಕೆತ್ತನೆಯ ಕಂಬಗಳ ನಡುವೆ ತೂಗುವ ದೀಪಗಳು, ಕಾವಲುಗಾರರ ಈಟಿ, ಹೂವಿನ ಬುಟ್ಟಿ ಹೊತ್ತ ಹೆಂಗಸರು. ಸಿಂಹಾಸನದ ಮೇಲೆ ರಾಯ, ಎದುರಿಗೆ ಪ್ಯಾಂಟು ಹಾಕಿದ ಕೃಷ್ಣಕುಮಾರ, ಇಬ್ಬರೂ ಒಬ್ಬನೇ ನಟ. ಚಂದ್ರಮೋಹನ್ ತೆನಾಲಿ ರಾಮಕೃಷ್ಣ. ಸಿಲ್ಕ್ ಸ್ಮಿತಾ ರಾಜನರ್ತಕಿ. ಆಸ್ಥಾನದಲ್ಲಿ ನಡೆಯುವ ನೃತ್ಯದ ಹಾಡು ಬಂದಾಗ ಇಳಯರಾಜಾ ಸಂಗೀತಕ್ಕೆ ಟಾಕೀಸಿನ ಬೆಂಚುಗಳೇ ಅಲುಗಿದವು, ಎಸ್.ಪಿ. ಬಾಲಸುಬ್ರಹ್ಮಣ್ಯಂ ದನಿ ಆ ಹರಕು ಸ್ಪೀಕರುಗಳಲ್ಲೂ ಜೇನಾಗಿತ್ತು. ಮಾವ ತೊಡೆಯ ಮೇಲೆ ತಾಳ ಹಾಕುತ್ತ ಕೂತಿದ್ದ. ಅಕ್ಕ ಮಾತ್ರ ನರ್ತಕಿಯ ಒಡವೆಗಳನ್ನೇ ನೋಡುತ್ತಿದ್ದಳು. ಇಂಟರ್ವಲ್ಲಿನಲ್ಲಿ ಗೋಲಿ ಸೋಡ ಕುಡಿಯುತ್ತ ಅವಳು ಹೇಳಿದಳು, “ವಿಠಲನ ಗುಡ್ಯಾಗ ಕಲ್ಲಿನ ಹೆಂಗಸರು ಹಾಕ್ಕೊಂಡಿದಾರಲ್ಲ, ಡಿಟ್ಟೋ ಅವೇ ಒಡವಿ.” ಅವಳು ಕಂಡದ್ದನ್ನು ನಾನು ಕಂಡಿರಲಿಲ್ಲ. ಆ ಮಾತು ಕೇಳಿದ ಮೇಲೆ ನನಗೆ ತೆರೆಯ ಹಿಂದೆ ಇನ್ನೊಂದು ತೆರೆ ಇದ್ದ ಹಾಗೆ ಅನಿಸತೊಡಗಿತು.

ನಂತರ ಯಂತ್ರ ಮುಂದಕ್ಕೂ ಹೋಗುತ್ತದೆ, 2504ನೆಯ ಇಸವಿಗೆ. ಯುದ್ಧದಿಂದ ಹಾಳಾದ ಭೂಮಿ, ನೆಲದೊಳಗೆ ಬದುಕುವ ಮನುಷ್ಯರು, ಬೆಳ್ಳಗೆ ಹೊಳೆಯುವ ಓಣಿಗಳು. ಅದು ಚೆನ್ನಾಗಿತ್ತು, ಹೆದರಿಕೆಯೂ ಆಯಿತು. ಬೇರೆ ಊರಿನ ಮಕ್ಕಳು ಮನೆಗೆ ಹೋಗಿ ಈ ಭವಿಷ್ಯದ ಬಗ್ಗೆ ಮಾತಾಡಿರಬೇಕು. ನಾವು ಹೊಸಪೇಟೆಯವರು ಮಾತಾಡಿದ್ದು ಪೂರ್ತಿ 1526ರ ಬಗ್ಗೆ.

ಮುಂದಿನ ಭಾನುವಾರ ಬಾಡಿಗೆ ಸೈಕಲ್ ತೆಗೆದುಕೊಂಡು ನಾನೂ ಗೆಳೆಯನೂ ಹಂಪಿಯ ದಾರಿ ಹಿಡಿದೆವು. ಊರು ದಾಟಿದ ಕೂಡಲೇ ಅನಂತಶಯನಗುಡಿ. ಎಷ್ಟೋ ಸಲ ಅದರ ಮುಂದೆ ಹೋಗಿದ್ದೆವು, ನಿಂತಿರಲಿಲ್ಲ. ಅವತ್ತು ನಿಂತೆವು. ಗರ್ಭಗುಡಿಯ ಮೇಲೆ ಉದ್ದಕ್ಕೆ ಎದ್ದ ಕಮಾನಿನ ಛಾವಣಿ, ಒಳಗೆ ಮಲಗಿದ ದೇವರಿಗಾಗಿ ಮಾಡಿದ ಉದ್ದನೆಯ ಪೀಠ, ಅದರ ಮೇಲೆ ಮೂರ್ತಿಯಿಲ್ಲ. ಅಲ್ಲಿದ್ದವರೊಬ್ಬರು ಇದನ್ನು ಕೃಷ್ಣದೇವರಾಯ ಕಟ್ಟಿಸಿದ್ದು 1524ರಲ್ಲಿ ಎಂದು ಹೇಳಿದರು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. 1524! ಅಂದರೆ ಬಾಲಯ್ಯ ಯಂತ್ರದಿಂದ ಇಳಿಯುವ ಹೊತ್ತಿಗೆ ಈ ಗುಡಿಗೆ ಎರಡೇ ವರ್ಷ. ಗೋಡೆಯ ಗಾರೆ ಹೊಸದು. ಕಲ್ಲು ಕೆತ್ತಿದವರು ಇದೇ ಊರಿನಲ್ಲಿ ಓಡಾಡಿಕೊಂಡಿದ್ದಾರೆ, ಅವರ ಕೂಲಿಯ ಲೆಕ್ಕ ಇನ್ನೂ ಬಾಕಿ ಇದ್ದರೂ ಇರಬಹುದು. ನಮ್ಮ ಹೊಸಪೇಟೆಯೂ ರಾಯ ತನ್ನ ನಾಗಲಾದೇವಿಯ ಹೆಸರಿನಲ್ಲಿ ಕಟ್ಟಿಸಿದ ನಾಗಲಾಪುರವೇ. ಅಂದಿನ ಜನಕ್ಕೆ ಇದು ನಿಜವಾಗಿಯೂ ಹೊಸ ಪೇಟೆ.

ಕಮಲಾಪುರದ ಕಡೆಯಿಂದ ಒಳಗೆ ಹೋಗಿ ಮಹಾನವಮಿ ದಿಬ್ಬ ಹತ್ತಿದೆವು. ಮೇಲೆ ಹೋದರೆ ಬರೀ ಬಿಸಿಲು, ಗಾಳಿ. ಸುತ್ತಲೂ ಅರಮನೆಗಳ ಅಡಿಪಾಯಗಳು, ಒಂದರ ಪಕ್ಕ ಒಂದು, ಛಾವಣಿಯಿಲ್ಲ, ಗೋಡೆಯಿಲ್ಲ. ಈ ಬಯಲನ್ನು ಮೊದಲೂ ನೋಡಿದ್ದೆ. ಅವು ಕಟ್ಟೆಗಳೆಂದೇ ತಿಳಿದಿದ್ದೆ. ಆ ದಿನ ದಿಬ್ಬದ ನೆತ್ತಿಯ ಕಲ್ಲಿನಲ್ಲಿ ಸಾಲು ಸಾಲಾಗಿ ಕಂಬ ಊರಿದ ಗುಳಿಗಳು ಕಂಡವು. ಮರದ ಕಂಬಗಳು. ವಿಜಯನಗರದ ಅರಮನೆಗಳ ಮೇಲ್ಭಾಗವೆಲ್ಲ ಮರದ್ದು. 1565ರ ಯುದ್ಧವಾದ ಮೇಲೆ ಬೆಂಕಿ ಬಿದ್ದಾಗ ಮರ ಹೋಯಿತು, ಕಲ್ಲು ಉಳಿಯಿತು. ಮರದ ಜೊತೆ ಬಟ್ಟೆ ಹೋಯಿತು, ಬಣ್ಣ ಹೋಯಿತು, ದೀಪದೆಣ್ಣೆ, ಹೂವು, ಸದ್ದು ಹೋದವು. ಹಂಪಿಯಲ್ಲಿ ನಾವು ನೋಡುವುದು ಬೆಂಕಿ ಬಿಟ್ಟುಕೊಟ್ಟದ್ದನ್ನು ಮಾತ್ರ. ಆ ಸಿನಿಮಾ ನನಗೆ ಕೊಟ್ಟದ್ದು ಬೆಂಕಿ ತಿಂದದ್ದನ್ನು. ಛತ್ರಿ, ಪರದೆ, ಜರಿ, ತೂಗುದೀಪ, ಒಳಗೆ ಓಡಾಡುವ ಜನ. ಅವು ಎಲ್ಲಿಯೋ ಸ್ಟುಡಿಯೋದಲ್ಲಿ ಹಾಕಿದ ಸೆಟ್ಟು ಎಂಬುದು ನನಗೆ ಆಗಲೂ ಗೊತ್ತಿತ್ತು. ಆದರೂ ಆ ಗುಳಿಯೊಳಗೆ ಕೈ ಇಟ್ಟಾಗ ಅದರಲ್ಲಿ ಕಂಬ ಎದ್ದು ನಿಂತದ್ದು ಆ ಸೆಟ್ಟಿನ ದೆಸೆಯಿಂದ.

ದಿಬ್ಬದಿಂದ ಇಳಿದರೆ ಹತ್ತಿರದಲ್ಲೇ ಪುಷ್ಕರಣಿ. ಕಪ್ಪು ಕಲ್ಲಿನ ಮೆಟ್ಟಿಲುಗಳು ಪಿರಮಿಡ್ಡಿನ ಆಕಾರದಲ್ಲಿ ಜೋಡಣೆಗೊಂಡು ನಾಲ್ಕೂ ಕಡೆಯಿಂದ ತಳಕ್ಕೆ ಇಳಿಯುತ್ತವೆ. ಪುರಾತತ್ವ ಇಲಾಖೆಯವರು ಅದನ್ನು ಮಣ್ಣಿನೊಳಗಿನಿಂದ ಅಗೆದು ತೆಗೆದದ್ದು ಎಂಬತ್ತರ ದಶಕದಲ್ಲಿ. ಆ ಕಲ್ಲುಗಳ ಮೇಲೆ ಅಕ್ಷರಗಳೂ ಗೆರೆಗಳೂ ಇವೆ, ಯಾವ ಕಲ್ಲು ಯಾವ ದಿಕ್ಕಿನ ಯಾವ ಸಾಲಿಗೆ ಎಂದು ಕೆಲಸಗಾರರು ಕೊರೆದುಕೊಂಡ ಗುರುತು. ಬೇರೆಲ್ಲಿಯೋ ಕೆತ್ತಿ ತಂದು ಇಲ್ಲಿ ಜೋಡಿಸಿದ್ದರ ಲೆಕ್ಕ ಅದು. ಶತಮಾನಗಳ ಕಾಲ ಮಣ್ಣಿನಡಿ ಇದ್ದದ್ದರಿಂದ ಅವುಗಳ ಅಂಚು ಇನ್ನೂ ಹರಿತ. ಗೆಳೆಯ ಒಂದು ಗುರುತಿನ ಮೇಲೆ ಬೆರಳು ಆಡಿಸುತ್ತ, “ಇದನ್ನ ಕೊರದಾವ ಊಟಕ್ಕ ಎದ್ದು ಹೋಗ್ಯಾನ, ಇನ್ನೇನು ಬರ್ತಾನ,” ಅಂದ. ಇಂಥ ಮಾತು ಹಿಂದಿನ ಭಾನುವಾರಕ್ಕೆ ಮೊದಲು ಅವನ ಬಾಯಲ್ಲಿ ಬರುತ್ತಿರಲಿಲ್ಲ.

ಆ ಚಿತ್ರವನ್ನು ಮಾಡಿದವರು ಯಾರೆಂದು ತಿಳಿದದ್ದು ಎಷ್ಟೋ ಕಾಲದ ಮೇಲೆ. ತಿಳಿದಾಗ ಆಶ್ಚರ್ಯಕ್ಕಿಂತ ಹೆಚ್ಚಾಗಿ ಒಂದು ನೆಂಟಸ್ತಿಕೆ ಬೆಸೆದ ಸಂತೋಷವಾಯಿತು. ಸಿಂಗೀತಂ ಶ್ರೀನಿವಾಸ ರಾವ್. ನಮ್ಮ ಮನೆಯವರೆಲ್ಲ ಕಣ್ಣೊರೆಸಿಕೊಂಡು ನೋಡಿದ್ದ ‘ಹಾಲು ಜೇನು’ ಅವರದು. ‘ಚಲಿಸುವ ಮೋಡಗಳು’, ‘ಶ್ರಾವಣ ಬಂತು’, ‘ಭಾಗ್ಯದ ಲಕ್ಷ್ಮಿ ಬಾರಮ್ಮ’ ಕೂಡ. ಶಿವರಾಜಕುಮಾರ್ ನಾಯಕನಾದ ಮೊದಲ ಚಿತ್ರ ‘ಆನಂದ್’ ಅವರ ನಿರ್ದೇಶನ. ಅದಕ್ಕೂ ಹಿಂದೆ ಪಟ್ಟಾಭಿರಾಮ ರೆಡ್ಡಿಯವರ ‘ಸಂಸ್ಕಾರ’ದಲ್ಲೂ ಅವರ ದುಡಿಮೆ ಇದೆ. 1987ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ಒಂದೂ ಮಾತಿಲ್ಲದ ‘ಪುಷ್ಪಕ ವಿಮಾನ’ ತೆಗೆದ ಧೈರ್ಯಸ್ಥ. ‘ಶ್ರಾವಣ ಬಂತು’ವಿನಲ್ಲಿ ಹಿಂದಿನ ಜನ್ಮದ ಪ್ರೇಮವನ್ನು ಈ ಜನ್ಮಕ್ಕೆ ಎಳೆದು ತಂದವರು ಅವರೇ ಅಲ್ಲವೇ? ನಮ್ಮ ಜನಕ್ಕೆ ಕಾಲದಲ್ಲಿ ಹಿಂದೆ ಹೋಗುವುದಕ್ಕೆ ಪುನರ್ಜನ್ಮ ಎಂಬ ದಾರಿ ಯಾವತ್ತೂ ಇತ್ತು. ಎಚ್.ಜಿ. ವೆಲ್ಸ್ 1895ರಲ್ಲಿ ಬರೆದ ಕಾಲಯಂತ್ರದ ಕಾದಂಬರಿಯನ್ನು ಎಳೆಯ ವಯಸ್ಸಿನಲ್ಲೇ ಓದಿ ಮೆಚ್ಚಿದ್ದ ಸಿಂಗೀತಂ, ಅದೇ ದಾರಿಗೆ ಒಂದು ಯಂತ್ರವನ್ನು ಇಳಿಸಿದರು. ವೆಲ್ಸ್‌ನ ಪ್ರಯಾಣಿಕ ಹೋಗುವುದು ಮುಂದಕ್ಕೆ, ಲಕ್ಷಾಂತರ ವರ್ಷ ಮುಂದಕ್ಕೆ. ಸಿಂಗೀತಂ ತಮ್ಮ ಪ್ರಯಾಣಿಕರನ್ನು ಮೊದಲು ಹಿಂದಕ್ಕೆ ಕಳಿಸಿದರು, ಅದೂ ತೆಲುಗರಿಗೂ ಕನ್ನಡಿಗರಿಗೂ ಸಮಾನವಾಗಿ ಪ್ರೀತಿಯ ರಾಜನ ಬಳಿಗೆ. ಈ ಚಿತ್ರದ ಅತ್ಯಂತ ಜಾಣ ನಿರ್ಧಾರ ಇದೆಂದು ನನ್ನ ಎಣಿಕೆ.

ಈ ಚಿತ್ರಕ್ಕೆ ನಿರ್ಮಾಪಕರನ್ನು ಹೊಂದಿಸಿದವರು ಬಾಲಸುಬ್ರಹ್ಮಣ್ಯಂ. ಮೂವರು ಛಾಯಾಗ್ರಾಹಕರು ದುಡಿದರು: ಪಿ.ಸಿ. ಶ್ರೀರಾಮ್, ವಿ.ಎಸ್.ಆರ್. ಸ್ವಾಮಿ, ಕಬೀರ್ ಲಾಲ್. ಕಾಲದಿಂದ ಕಾಲಕ್ಕೆ ಬೆಳಕಿನ ಬಣ್ಣವೇ ಬೇರೆಯಾಗುವುದು ಸುಮ್ಮನೆ ಅಲ್ಲ. ಈಗಿನ ಹಾಗೆ ಕಂಪ್ಯೂಟರಿನಲ್ಲಿ ಊರು ಕಟ್ಟುವ ಅನುಕೂಲವಿರಲಿಲ್ಲ. ಮರ, ಬಟ್ಟೆ, ಬಣ್ಣ, ದೀಪ, ಬಡಗಿಗಳ ಕೈ, ಇಷ್ಟರಲ್ಲೇ ಕಲಾ ನಿರ್ದೇಶಕ ಪೇಕೇಟಿ ರಂಗಾ ಎರಡು ಯುಗಗಳನ್ನು ನಿಲ್ಲಿಸಿದರು. ರಾಯನ ಕಾಲದ ಬಡಗಿಗಳು ಬಳಸಿದ್ದೂ ಅದೇ ಸಾಮಗ್ರಿಯನ್ನು ಎಂದು ನೆನೆದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ. ಬಾಲಕೃಷ್ಣನಿಗಿಂತ ಮೊದಲು ಅವರ ತಂದೆ ಎನ್.ಟಿ. ರಾಮರಾವ್ 1962ರ ‘ಮಹಾಮಂತ್ರಿ ತಿಮ್ಮರಸು’ವಿನಲ್ಲಿ ಇದೇ ರಾಯನಾಗಿದ್ದರು. ಕನ್ನಡದಲ್ಲಿ 1970ರಲ್ಲಿ ಬಿ.ಆರ್. ಪಂತುಲು ಅವರ ‘ಶ್ರೀಕೃಷ್ಣದೇವರಾಯ’, ಕಿರೀಟ ತೊಟ್ಟವರು ರಾಜಕುಮಾರ್. ಅವೆರಡೂ ದೊಡ್ಡ ಚಿತ್ರಗಳು, ಅವನ್ನು ಭಕ್ತಿಯಿಂದ ನೋಡಿದ್ದೇನೆ. ಆದರೆ ಆ ಚಿತ್ರಗಳಲ್ಲಿ ರಾಯನ ಕಾಲದವರಷ್ಟೇ ಇರುತ್ತಾರೆ. ‘ಆದಿತ್ಯ 369’ರಲ್ಲಿ ನಮ್ಮ ಕಾಲದ ಒಬ್ಬ, ನಮ್ಮ ಹಾಗೆ ಮಾತಾಡುವವ, ಬಾಯಿ ತೆರೆದುಕೊಂಡು ಆ ಬೀದಿಯಲ್ಲಿ ನಿಂತಿದ್ದ. ಅವನ ಪಕ್ಕದಲ್ಲಿ ನಮಗೂ ನಿಲ್ಲಲು ಜಾಗವಿತ್ತು.

ಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರನ್ನು ಕಾಡಿದೆವು. ಅಂಥ ಯಂತ್ರ ಮಾಡಬಹುದಾ ಸಾರ್? ಅವರು ನಗಲಿಲ್ಲ, ಗದರಲಿಲ್ಲ. ಅದು ನಮ್ಮ ಪುಣ್ಯ. ತುಂಬಾ ವೇಗವಾಗಿ ಹೋಗುವವನಿಗೆ ಕಾಲ ನಿಧಾನವಾಗುತ್ತದೆ, ಇದನ್ನು ಐನ್‌ಸ್ಟೈನ್ ತೋರಿಸಿದ್ದಾನೆ, ಹಾಗಾಗಿ ಮುಂದಿನ ಕಾಲಕ್ಕೆ ಜಿಗಿಯುವುದು ಲೆಕ್ಕದಲ್ಲಿ ತಪ್ಪಲ್ಲ ಎಂದರು. ಹಿಂದಕ್ಕೆ ಹೋಗುವುದು ಕಷ್ಟ, ಆದರೆ ಹಿಂದಿನದನ್ನು ನೋಡುವುದು ಸುಲಭ, ರಾತ್ರಿ ಮನೆಯ ಮಾಳಿಗೆ ಹತ್ತಿ ಅಂದರು. ಉತ್ತರ ದಿಕ್ಕಿನಲ್ಲಿ ಕಾಣುವ ಧ್ರುವ ನಕ್ಷತ್ರದಿಂದ ಬೆಳಕು ನಮ್ಮಲ್ಲಿಗೆ ಬರಲು ನಾನೂರಕ್ಕೂ ಹೆಚ್ಚು ವರ್ಷ ಹಿಡಿಯುತ್ತದೆ. ನಾವು ಲೆಕ್ಕ ಹಾಕಿದೆವು. ಆ ರಾತ್ರಿ ನಮ್ಮ ಕಣ್ಣಿಗೆ ಬಿದ್ದ ಬೆಳಕು ಅಲ್ಲಿಂದ ಹೊರಟಾಗ ವಿಜಯನಗರ ಇನ್ನೂ ಬದುಕಿತ್ತು, ಬಜಾರಿನಲ್ಲಿ ದೀಪ ಉರಿಯುತ್ತಿತ್ತು. ಈಗ ವಿಜ್ಞಾನಿಗಳು ಆ ದೂರವನ್ನು 430ರಿಂದ 450 ಜ್ಯೋತಿರ್ವರ್ಷದ ಆಸುಪಾಸಿನಲ್ಲಿ ಹೇಳುತ್ತಾರೆ. ಮೇಷ್ಟ್ರ ಲೆಕ್ಕ ಸರಿಯಾಗಿಯೇ ನಿಂತಿದೆ. ಯಂತ್ರ ಸಿಗದಿದ್ದರೂ ಪರವಾಗಿಲ್ಲ ಅನಿಸುವಂತೆ ಮಾಡಿದ ಲೆಕ್ಕ ಅದು.

ಸಿನಿಮಾ ಹಚ್ಚಿದ ಹಸಿವಿನಿಂದಲೇ ನಾನು ಪುಸ್ತಕಗಳ ಕಡೆ ಹೋದೆ. ಡೊಮಿಂಗೊ ಪಾಯೆಸ್ ಎಂಬ ಪೋರ್ಚುಗೀಸ್ ಕುದುರೆ ವ್ಯಾಪಾರಿ 1520ರ ಹೊತ್ತಿನಲ್ಲಿ ಇಲ್ಲಿಗೆ ಬಂದು, ರಾಯನನ್ನು ಕಣ್ಣಾರೆ ಕಂಡು ಬರೆದಿಟ್ಟಿದ್ದಾನೆ. ಅವನ ಬರವಣಿಗೆಯಲ್ಲಿ ರಾಯ ಮಧ್ಯಮ ಎತ್ತರದವನು, ಮುಖದ ಮೇಲೆ ಸಿಡುಬಿನ ಕಲೆ. ಬೆಳಗಾಗುವ ಮುಂಚೆ ಎದ್ದು ಎಣ್ಣೆ ಕುಡಿದು, ಮೈಗೆ ಎಣ್ಣೆ ಹಚ್ಚಿ, ಗರಡಿ ಸಾಮು ಮಾಡಿ, ಕುದುರೆ ಹತ್ತುವವನು. ಬಜಾರಿನಲ್ಲಿ ವಜ್ರ, ಮಾಣಿಕ್ಯ, ಮುತ್ತು, ಪಚ್ಚೆ ಮಾರುತ್ತಿದ್ದುದನ್ನೂ, ಮಹಾನವಮಿಯ ಒಂಬತ್ತು ದಿನ ಆನೆ, ಕುದುರೆ, ಮಲ್ಲರು, ನರ್ತಕಿಯರು ನೆರೆಯುತ್ತಿದ್ದುದನ್ನೂ ಅವನು ಹೇಳುತ್ತಾನೆ. ಓದುವಾಗ ನನ್ನ ತಲೆಯಲ್ಲಿ ಹಿನ್ನೆಲೆಗೆ ಇಳಯರಾಜಾ ಸಂಗೀತವೇ. ಸಿನಿಮಾದ ರಾಯನ ನುಣುಪು ಮುಖದ ಮೇಲೆ ಪಾಯೆಸ್ ಸಿಡುಬಿನ ಕಲೆ ಇಟ್ಟ. ಅದರಿಂದ ರಾಯ ನನಗೆ ಇನ್ನಷ್ಟು ಹತ್ತಿರವಾದ.

ಆಸ್ಥಾನದಿಂದ ಹೊರಗೆ ಆ ಯಂತ್ರ ಇನ್ನೂ ಸ್ವಲ್ಪ ದೂರ ಸುತ್ತಾಡಬೇಕಿತ್ತು ಎಂಬ ಆಸೆ ನನ್ನದು. ಹೊಳೆಗೆ ಅಡ್ಡಲಾಗಿ ಕಲ್ಲು ಪೇರಿಸಿ ಕಾಲುವೆ ತಿರುಗಿಸಿದವರ ಹತ್ತಿರ ಹೋಗಬೇಕಿತ್ತು. ರಾಯ ಕಾಲುವೆ, ಬಸವಣ್ಣ ಕಾಲುವೆ, ತುರ್ತು ಕಾಲುವೆ ಈಗಲೂ ನೀರು ಹರಿಸುತ್ತಿವೆ. ನಮ್ಮ ನೆಂಟರ ಬಾಳೆತೋಟಕ್ಕೆ ಬರುವುದು ಅದೇ ನೀರು. ರಾಜ ಹೋದ, ರಾಜಧಾನಿ ಹೋಯಿತು, ನೀರಿನ ಪಾಳಿ ಮಾತ್ರ ತಪ್ಪಿಲ್ಲ. ಕನ್ನಡದಲ್ಲಿ ಯಾರಾದರೂ ಮತ್ತೆ ಕಾಲಯಂತ್ರವನ್ನು ಹಂಪಿಗೆ ಇಳಿಸುವುದಾದರೆ, ದಯವಿಟ್ಟು ಅದನ್ನು ಆ ಕಾಲುವೆಯ ಏರಿಯ ಮೇಲೆ ಇಳಿಸಲಿ. ಗುದ್ದಲಿ ಹಿಡಿದವನೊಬ್ಬ ತಲೆಯೆತ್ತಿ, ಯಾರಪಾ ನೀವು, ಎಲ್ಲಿಂದ ಬಂದ್ರಿ ಎಂದು ಕೇಳಲಿ. ಅವನ ಕನ್ನಡ ಹೇಗಿತ್ತೆಂದು ಕೇಳಿಸಿಕೊಳ್ಳಲು ನಾನು ಎಷ್ಟು ದುಬಾರಿ ಟಿಕೆಟ್ ಆದರೂ ಕೊಳ್ಳುತ್ತೇನೆ.

2025ರ ಏಪ್ರಿಲ್‌ನಲ್ಲಿ ಚಿತ್ರ 4ಕೆ ರೂಪದಲ್ಲಿ ಮತ್ತೆ ಬಿಡುಗಡೆಯಾದಾಗ ಅಕ್ಕನನ್ನೂ ಕರೆದುಕೊಂಡು ಹೋಗಿ ನೋಡಿದೆ. ಮೆತ್ತನೆ ಕುರ್ಚಿ, ತಣ್ಣನೆ ಗಾಳಿ. ತೆರೆ ಎಷ್ಟು ಸ್ವಚ್ಛವಾಗಿತ್ತೆಂದರೆ ಪರದೆಗಳ ನೆರಿಗೆಯೂ ಎಣಿಸುವ ಹಾಗಿತ್ತು. ಅಕ್ಕ ಮತ್ತೆ ಒಡವೆಗಳನ್ನೇ ನೋಡಿದಳು. ನನಗೆ ಅಮರೀಶ್ ಪುರಿಯ ಕಣ್ಣು ಈ ಸಲವೂ ಹೆದರಿಕೆ ಹುಟ್ಟಿಸಿತು, ಹುಡುಗ ತರುಣ್ ಬಚ್ಚಿಟ್ಟುಕೊಳ್ಳುವಾಗ ಈ ಸಲವೂ ಉಸಿರು ಬಿಗಿಹಿಡಿದೆ. ಸುತ್ತ ಕೂತಿದ್ದ ಎಳೆಯರು ಹಾಡು ಬಂದಾಗ ಎದ್ದು ನಿಂತು ಕುಣಿದರು. ಅವರ ಸಡಗರ ನೋಡಿ ಹೊಟ್ಟೆ ತುಂಬಿತು.

ನನ್ನ ಜೊತೆ ಸೈಕಲ್ ತುಳಿದ ಆ ಗೆಳೆಯ ಈಗ ಹಂಪಿಯಲ್ಲಿ ಗೈಡು. ನಮ್ಮದು ಈಗ ವಿಜಯನಗರ ಜಿಲ್ಲೆ. ಊರು ಬೆಳೆದಿದೆ, ಪ್ರವಾಸಿಗರು ವರ್ಷವಿಡೀ ಬರುತ್ತಾರೆ. ಶಾಲೆಯ ಮಕ್ಕಳು ಬಂದರೆ ಅವನಿಗೆ ಹಬ್ಬ. ಎಲ್ಲರನ್ನೂ ಉಗ್ರನರಸಿಂಹನ ಮುಂದೆ ಸಾಲಾಗಿ ನಿಲ್ಲಿಸಿ, “ಕಣ್ಣು ಮುಚ್ಚಿರಿ, ಇಸವಿ 1526ಕ್ಕೆ ಹೊಂಟೀವಿ,” ಎನ್ನುತ್ತಾನೆ. ಕಣ್ಣು ಬಿಡಿಸಿ, ಈಗ ಇಲ್ಲಿ ಏನು ಕಾಣಬೇಕು ಹೇಳಿ ಎಂದು ಕೇಳುತ್ತಾನೆ. ನರಸಿಂಹ ಎಂದು ಮಕ್ಕಳು ಕೂಗುತ್ತಾರೆ. ಇಲ್ಲ, ಅವನು ಮೂಡಿದ್ದು 1528ರಲ್ಲಿ, ಇನ್ನೂ ಎರಡು ವರ್ಷ ಇದು ಬರೀ ಬಂಡೆ ಎಂದಾಗ ಅವುಗಳ ಮುಖ ನೋಡಬೇಕು! ಇಪ್ಪತ್ತು ಅಡಿಗೂ ಮೀರಿದ ಆ ಮೂರ್ತಿಯನ್ನು ಅಳಿಸಿ ಅಲ್ಲೊಂದು ಬಂಡೆಯನ್ನು ಕಾಣುವ ಕಸರತ್ತಿನಲ್ಲಿ ಮಕ್ಕಳು ಹುಬ್ಬು ಗಂಟಿಕ್ಕಿ ನಿಲ್ಲುತ್ತವೆ. ಆಮೇಲೆ ಅವೇ ಕೇಳತೊಡಗುತ್ತವೆ. ಇದು ಇತ್ತಾ, ಅದು ಇತ್ತಾ? ವಿರೂಪಾಕ್ಷನ ರಂಗಮಂಟಪ ಇತ್ತು, ರಾಯ ಪಟ್ಟಕ್ಕೆ ಬಂದ ಸಂದರ್ಭದ್ದು, ಅಲ್ಲಿ 1510ರ ಶಾಸನವಿದೆ. ಉದಯಗಿರಿಯಿಂದ ತಂದ ಮೂರ್ತಿಗಾಗಿ ಕಟ್ಟಿಸಿದ ಕೃಷ್ಣ ದೇವಾಲಯ ಇತ್ತು. ಅಚ್ಯುತರಾಯನ ಗುಡಿ ಇರಲಿಲ್ಲ, ಅದು 1534ರದು, ಆ ಬೀದಿಯಲ್ಲಿ ಆಗ ಬರೀ ಗಿಡಗಂಟಿ.

ವಿಠಲನ ಗುಡಿಗೆ ಬಂದರೆ ಮಾತ್ರ ನಮ್ಮಿಬ್ಬರಿಗೆ ಹೊಂದುವುದಿಲ್ಲ. ಅಲ್ಲಿ ಸಿಕ್ಕ 1554ರ ಶಾಸನವೊಂದು ಉಯ್ಯಾಲೆ ಮಂಟಪ ಕಟ್ಟಿಸಿದ್ದನ್ನು ಹೇಳುತ್ತದೆ. ಅದು ಸಂಗೀತದ ಕಂಬಗಳಿರುವ ದೊಡ್ಡ ಮಂಟಪವೇ ಎಂದು ಅವನ ವಾದ; ಹಾಗಾದರೆ ಬಾಲಯ್ಯ ಇಳಿದಾಗ ಆ ಕಂಬಗಳೇ ಇಲ್ಲ. ಮಂಟಪ ರಾಯನದೇ ಎಂದು ನನ್ನ ಹಟ. ಹೋದ ತಿಂಗಳು ಕಲ್ಲಿನ ರಥದ ಪಕ್ಕ ನಿಂತು ಇದೇ ಜಗಳ ಆಡುತ್ತಿದ್ದಾಗ, ಅವನು ಕರೆತಂದಿದ್ದ ಗಂಗಾವತಿಯ ಮಕ್ಕಳು ಎರಡು ಪಕ್ಷ ಕಟ್ಟಿಕೊಂಡು ನಮ್ಮ ಸುತ್ತ ಕೂಗಾಡಿದವು. ಅವರ ಬಸ್ಸಿಗೆ ಹೊತ್ತಾಗಿತ್ತು, ಮೇಡಂ ಒಬ್ಬರು ಸೀಟಿ ಊದುತ್ತಿದ್ದರು. ನನ್ನ ಪಕ್ಷದಲ್ಲಿ ಹುಡುಗಿಯರು ಜಾಸ್ತಿ ಇದ್ದರು.